ಕಣಕಾಲಲ್ಲಿ ಉಳಿದ ಸಿಮೆಂಟಿನ ಮಣಿ

ಮೂಳೆಗೆ ಹಾಕುವ ಪ್ಲೇಟು, ಸ್ಕ್ರೂ, ರಾಡು ಮಾರುವ ಕಸುಬಿಗೆ ಹೊಸದಾಗಿ ಬರುವವರಿಗೆ ನಾನು ಮೊದಲು ಹೇಳುವ ಮಾತು ಇದು: ಡಾಕ್ಟರ ಕೋಣೆಗೆ ಹೋಗುವ ಮುಂಚೆ ವಾರ್ಡಿನಲ್ಲಿ ಒಂದು ಸುತ್ತು ಹಾಕಿ, ಚೆನ್ನಾಗಿ ಉಸಿರೆಳೆದುಕೊಳ್ಳಿ. ನೀವು ಮಾರಿದ ಸ್ಟೀಲು ಯಾರ ಮೈಯೊಳಗೆ ಹೇಗಿದೆ ಅನ್ನುವುದನ್ನು ಬಿಲ್ಲು ಹೇಳುವುದಿಲ್ಲ. ಎಕ್ಸ್‌ರೇ ಹೇಳುತ್ತದೆ, ಆದರೆ ತಡವಾಗಿ. ಮೂಗು ಮೊದಲು ಹೇಳುತ್ತದೆ. ಮೂಳೆಯಲ್ಲಿ ಕೀವಾದ ವಾಸನೆ ಬೇರೆ ಗಾಯದ ವಾಸನೆಯ ಹಾಗಲ್ಲ. ಮಳೆಗಾಲದಲ್ಲಿ ಮುಚ್ಚಿಟ್ಟಿದ್ದ ಕೊಬ್ಬರಿ ಗೋದಾಮಿನ ಬಾಗಿಲು ತೆಗೆದಾಗ ಒಂದು ಕಮಟು ಮುಖಕ್ಕೆ ಹೊಡೆಯುತ್ತದಲ್ಲ, ಸುಮಾರಾಗಿ ಹಾಗೆ.

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಅರಸೀಕೆರೆ ಬಸ್ ಸ್ಟ್ಯಾಂಡಿನ ಹಿಂದೆ ನನ್ನ ಅಂಗಡಿ. ಬೇಲೂರು, ಹಳೇಬೀಡು, ಬಾಣಾವರದ ಕಡೆಯಿಂದ ಬಿದ್ದು ಮುರಿದುಕೊಂಡು ಬಂದವರೆಲ್ಲ ಊರಿನ ಒಂದು ನರ್ಸಿಂಗ್ ಹೋಮಿಗೆ ಸೇರುತ್ತಿದ್ದರು. ಅಲ್ಲಿ ಒಬ್ಬರೇ ಮೂಳೆ ಡಾಕ್ಟರು. ಅವರಿಗೆ ಬೇಕಾದ ಸಾಮಾನು ಒದಗಿಸುವವನು ನಾನು. ಒಂದು ಬೆಳಿಗ್ಗೆ ಅವರೇ ಫೋನ್ ಮಾಡಿ, ಮಾದಿಹಳ್ಳಿ ಟೀಚರ್ ವಾಪಸ್ ಬಂದಿದ್ದಾರೆ, ಒಂದ್ಸಲ ಬನ್ನಿ ಎಂದರು. ಯಾಕೆ ಎಂದು ಕೇಳಲಿಲ್ಲ. ವಾರ್ಡಿನ ಬಾಗಿಲಿಗೆ ಹೋಗುವಷ್ಟರಲ್ಲಿ ಗೊತ್ತಾಯಿತು.

ಆ ವಾಸನೆಯ ಪರಿಚಯ ನನಗೆ ಮೊದಲೇ ಇತ್ತು. ಹಿಂದಿನ ವರ್ಷ ಬಿಕ್ಕೋಡಿನ ಜೀಪ್ ಡ್ರೈವರ್ ಒಬ್ಬರಿಗೆ ಹೀಗೇ ಆಗಿ, ಕೊನೆಗೆ ಮೈಸೂರಿನಲ್ಲಿ ಕಾಲು ತೆಗೆದರು. ಅದಾದ ಮೇಲೆ ಅವರು ಊರುಗೋಲು ಹಿಡಿದು ನನ್ನ ಅಂಗಡಿಗೆ ಬಂದರು. ಜಗಳಕ್ಕೆ ಬಂದರೇನೋ ಅಂದುಕೊಂಡು ನಾನು ಎದ್ದು ನಿಂತೆ. ಅವರು ಕೇಳಿದ್ದು, ತಮಗೆ ಹಾಕಿದ್ದಂಥದೇ ಪ್ಲೇಟು ಒಂದು ತೋರಿಸಿ ಎಂದು. ತೋರಿಸಿದೆ. ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ‘ಇದ್ರ ಮ್ಯಾಲೇ ಕೂತಿದ್ವಾ ಸಾಮಿ ಆ ಕ್ರಿಮಿಗಳು?’ ಎಂದರು. ಹೌದು ಎಂದೆ. ‘ಒಳ್ಳೆ ನುಣ್ಣಗೈತೆ. ಕೂರಕ್ಕೆ ಚೆನ್ನಾಗೈತೆ’ ಎಂದು ವಾಪಸ್ ಕೊಟ್ಟು ಹೋದರು. ಪ್ಲೇಟಿನಲ್ಲಿ ಯಾವ ದೋಷವೂ ಇರಲಿಲ್ಲ, ಆಪರೇಷನ್ನಿನಲ್ಲೂ ಇರಲಿಲ್ಲ. ಆದರೆ ಅವತ್ತಿನಿಂದ ಷೋಕೇಸಿನಲ್ಲಿ ಹೊಳೆಯುವ ಯಾವ ಸ್ಟೀಲು ನೋಡಿದರೂ ಅದರ ಮೇಲೆ ಏನೋ ಕೂತಿದೆ, ನನ್ನ ಕಣ್ಣಿಗೆ ಕಾಣುತ್ತಿಲ್ಲ ಅಷ್ಟೆ, ಅನ್ನಿಸತೊಡಗಿತು. ಒರೆಸಿದ ಪ್ಲೇಟನ್ನೇ ಮತ್ತೆ ಒರೆಸುತ್ತಿದ್ದೆ.

ಟೀಚರ್ ಮಾದಿಹಳ್ಳಿಯ ಶಾಲೆಯಲ್ಲಿ ಪಾಠ ಹೇಳುವವರು. ಮೊಪೆಡ್ಡಿನಿಂದ ಬಿದ್ದು ಕಣಕಾಲಿನ ಮೂಳೆ ಚರ್ಮ ಸೀಳಿಕೊಂಡು ಹೊರಗೆ ಬಂದಿತ್ತು, ಗಾಯಕ್ಕೆ ರಸ್ತೆಯ ಮಣ್ಣು ಸೇರಿತ್ತು. ತೊಳೆದು, ಪ್ಲೇಟು ಹಾಕಿ ಕಳಿಸಿದ್ದರು. ಹೊಲಿಗೆ ಕೂಡಿತು, ಎಲ್ಲ ಸರಿಯಾಯಿತು ಅನ್ನುವಾಗ ಕಾಲಿನ ಮುಂಭಾಗದಲ್ಲಿ ಸೂಜಿ ತೂರುವಷ್ಟು ತೂತು ಬಿದ್ದು ಕೀವು ಜಿನುಗತೊಡಗಿತು. ಮಾತ್ರೆ ನುಂಗಿದಾಗ ನಿಲ್ಲುವುದು, ಬಿಟ್ಟರೆ ಮತ್ತೆ ಬರುವುದು. ಬೆಂಗಳೂರಿನಲ್ಲಿ ತೋರಿಸಿದರೆ, ಮಂಡಿಯ ಕೆಳಗೆ ಕಾಲು ತೆಗೆಯುವುದೇ ಕ್ಷೇಮ ಎಂದಿದ್ದರು. ಅದಕ್ಕೆ ಒಪ್ಪದೆ ಇಲ್ಲಿಗೆ ವಾಪಸ್ ಬಂದಿದ್ದರು. ಪಕ್ಕದಲ್ಲಿ ಅವರ ತಾಯಿ ಕೂತಿದ್ದರು. ಮಂಚದ ಬಳಿಯ ಸಣ್ಣ ಬೀರುವಿನ ಮೇಲೆ ಬುದ್ಧನ ಪಟ, ಅದರ ಮುಂದೆ ಹಚ್ಚದ ಮೇಣದಬತ್ತಿ. ಆಮ್ಲಜನಕದ ಸಿಲಿಂಡರ್ ಇರುವ ಕಡೆ ಹಚ್ಚಬಾರದು ಎಂದು ಸಿಸ್ಟರ್ ಹೇಳಿದ್ದರಂತೆ.

‘ಬನ್ನಿ ಕಬ್ಬಿಣದ ಸಾಹುಕಾರ್ರೇ’ ಎಂದರು ಟೀಚರ್. ಅವರು ನನ್ನನ್ನು ಮೊದಲಿನಿಂದಲೂ ಹಾಗೇ ಕರೆಯುತ್ತಿದ್ದುದು. ಆಮೇಲೆ ಡಾಕ್ಟರ ಕಡೆ ತಿರುಗಿ, ‘ನಾನು ಕುಳ್ಳಿ ಸಾರ್. ಬೋರ್ಡಿನ ಮೇಲಿನ ಸಾಲು ಬರೆಯೋಕೆ ತುದಿಗಾಲಲ್ಲಿ ನಿಲ್ಬೇಕು. ಕಟ್ಟಿಗೆ ಕಾಲಲ್ಲಿ ತುದಿಗಾಲು ಹೆಂಗೆ ನಿಲ್ಲೋದು, ಅದನ್ನ ಬೆಂಗಳೂರಿನೋರು ಹೇಳ್ಲಿಲ್ಲ’ ಎಂದರು. ತಾಯಿ, ‘ಇವಳ ಬಾಯಿ ಒಂದು ನೆಟ್ಟಗೈತೆ ನೋಡಪ್ಪ’ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಡಾಕ್ಟರು ನನ್ನನ್ನು ಕೋಣೆಗೆ ಕರೆದು ಎಕ್ಸ್‌ರೇ ತೋರಿಸಿದರು. ಪ್ಲೇಟಿನ ಕೆಳಗೆ ಬೆರಳುಗಾತ್ರದ ಮೂಳೆ ಚೂರು ಸತ್ತು ಬೆಳ್ಳಗಾಗಿತ್ತು. ನೀರಿನ ತೊಟ್ಟಿಯ ಗೋಡೆಗೆ ಪಾಚಿ ಕಟ್ಟುವ ಹಾಗೆ ಈ ಕ್ರಿಮಿಗಳು ಸ್ಟೀಲಿನ ಮೇಲೆ ಲೋಳೆ ಹೊದ್ದುಕೊಂಡು ಕೂರುತ್ತವೆ, ಔಷಧಿ ಮೇಲಿಂದ ಹರಿದು ಹೋಗುತ್ತದೆ, ಅವುಗಳಿಗೆ ತಾಕುವುದಿಲ್ಲ ಎಂದರು. ಸತ್ತ ಮೂಳೆಗೆ ರಕ್ತವೇ ಹೋಗದ್ದರಿಂದ ಇಂಜೆಕ್ಷನ್ನೂ ಅಲ್ಲಿಗೆ ಮುಟ್ಟುವುದಿಲ್ಲ. ಹಾಗಾಗಿ ಅವರ ಯೋಚನೆ ಹೀಗಿತ್ತು: ಪ್ಲೇಟು ತೆಗೆದುಬಿಡುವುದು. ಸತ್ತ ಮೂಳೆ ಕೆರೆದು ತೆಗೆಯುವುದು. ಕಾಲು ಅಲುಗದಂತೆ ಹೊರಗಿನಿಂದ ರಾಡು ಹಾಕುವುದು. ಒಳಗಾದ ಗುಂಡಿಗೆ ಔಷಧಿ ಬೆರೆಸಿದ ಮೂಳೆ ಸಿಮೆಂಟಿನ ಮಣಿಗಳನ್ನು ತಂತಿಗೆ ಪೋಣಿಸಿ ತುಂಬುವುದು. ಔಷಧಿ ಮಣಿಯಿಂದ ನಿಧಾನವಾಗಿ ಒಸರುತ್ತದೆ, ಆ ಜಾಗದಲ್ಲೇ ಇರುತ್ತದೆ. ಕೆಲವು ವಾರ ಬಿಟ್ಟು ಸರ ಎಳೆದು ತೆಗೆದು, ಆ ಜಾಗಕ್ಕೆ ಅವರದೇ ಸೊಂಟದ ಮೂಳೆಯ ಚೂರು ತುಂಬುವುದು. ‘ಇದು ಕೈಕೊಟ್ಟರೆ ನಾನೇ ಕಾಲು ತೆಗೀಬೇಕಾಗುತ್ತೆ. ಅದನ್ನೂ ಅವರಿಗೆ ಹೇಳಿದೀನಿ’ ಎಂದರು.

ವಿದೇಶದ ರೆಡಿಮೇಡ್ ಸರ ಸಿಗುತ್ತಿತ್ತು, ತರಿಸಬೇಕಿತ್ತು, ಎಷ್ಟು ದಿನ ಕಾಯಬೇಕೋ ಹೇಳುವವರಿಲ್ಲ. ಟೀಚರಿಗೆ ಸಂಜೆಯಾದರೆ ಜ್ವರ. ಹಾಗಾಗಿ ಮಣಿ ನಾವೇ ಮಾಡುವುದು ಎಂದಾಯಿತು. ಸೊಂಟದ ಹತ್ತಿರ ಚಪ್ಪೆಯ ಕೃತಕ ಕೀಲು ಕೂರಿಸಲು ಬಳಸುವ ಸಿಮೆಂಟಿನ ಪೊಟ್ಟಣ ನಾನು ತರಬೇಕು. ಔಷಧಿ ವ್ಯಾಂಕೋಮೈಸಿನ್, ಹಾಸನದ ಲ್ಯಾಬಿನಲ್ಲಿ ಕೀವಿನ ಕ್ರಿಮಿ ಬೆಳೆಸಿ ನೋಡಿದಾಗ ಅದು ಈ ಔಷಧಿಗೆ ಬಗ್ಗಿತ್ತು. ಪುಡಿಯಾಗಿಯೇ ಬರುವ ಔಷಧಿಯಾದ್ದರಿಂದ ಸಿಮೆಂಟಿನ ಪುಡಿಗೆ ಸರಿಯಾಗಿ ಬೆರೆಯುತ್ತದೆ ಎಂದರು ಡಾಕ್ಟರು.

ಬೆಂಗಳೂರಿಗೆ ರೈಲು ಹತ್ತಿದೆ. ಅಲ್ಲಿನ ದೊಡ್ಡ ವ್ಯಾಪಾರಿ ಕೀಲಿನ ಜೊತೆಗಲ್ಲದೆ ಬರೀ ಸಿಮೆಂಟು ಮಾರುವುದಿಲ್ಲ ಎಂದು ಕೂತ. ಮುಂದೆ ಯಾವ ಯಾವ ಮಾಲನ್ನು ಅವನಿಂದಲೇ ತೆಗೆದುಕೊಳ್ಳುತ್ತೇನೆ ಎಂದು ಹೇಳುತ್ತಾ ಹೇಳುತ್ತಾ ಮಧ್ಯಾಹ್ನ ಮಾಡಿದೆ. ಕೊನೆಗೆ ಅವಧಿ ಮುಗಿದ ಎರಡು ಪೊಟ್ಟಣ ತೋರಿಸಿ, ಅರ್ಧಕ್ಕೆ ಕೊಡುತ್ತೇನೆ, ಮಣಿಗೆ ತಾನೇ, ನಡೆಯುತ್ತದೆ ಎಂದ. ಇಂಥವರು ನಿಮಗೂ ಸಿಗುತ್ತಾರೆ. ಚೌಕಾಸಿ ಎಷ್ಟು ಬೇಕಾದರೂ ಮಾಡಿ, ಬೇಡ ಅನ್ನುವುದಿಲ್ಲ, ನಾನು ಬದುಕಿದ್ದೇ ಅದರಿಂದ. ಆದರೆ ಮೈಯೊಳಗೆ ಹೋಗುವ ವಸ್ತುವಿನ ಅವಧಿಯಲ್ಲಿ ಚೌಕಾಸಿ ಮಾಡಬೇಡಿ. ನಾನು ಏಳುವುದನ್ನು ನೋಡಿ ಅವನು ಒಳಗಿನಿಂದ ಒಳ್ಳೆಯ ಪೊಟ್ಟಣ ತಂದ. ಇದ್ದದ್ದು ಒಂದೇ.

ಈಗ ಅಚ್ಚಿನ ಮಾತು. ಮಣಿಗಳೆಲ್ಲ ಒಂದೇ ಅಳತೆಗೆ ಇದ್ದರೆ ಒಳ್ಳೆಯದು, ಸಿಮೆಂಟು ಕಲಸಿದ ಮೇಲೆ ಗಟ್ಟಿಯಾಗಲು ಹೆಚ್ಚು ಹೊತ್ತು ಬೇಡ, ಕೈಯಲ್ಲಿ ಕಟ್ಟುತ್ತಾ ಕೂತರೆ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ನನಗೆ ಹಳೇಬೀಡಿನ ಒಬ್ಬ ಆಚಾರ್ರು ನೆನಪಾದರು. ಟೂರಿಸ್ಟರಿಗೆ ಅಂಗೈಯಗಲದ ಆನೆ, ಗಣಪತಿ ಕೆತ್ತಿ ಮಾರುವವರು. ಬಳಪದ ಕಲ್ಲು ಮೆತ್ತಗೆ, ಉಗುರಿಗೂ ಗೀರು ಬೀಳುತ್ತದೆ, ಆದರೆ ಎಂಥ ಬಿಸಿಗೂ ಸೀಳುವುದಿಲ್ಲ. ಅವರಿಂದ ಅಚ್ಚು ಮಾಡಿಸಿದ್ದು ಹೀಗೆ: ಆ ಕಲ್ಲಿನ ಎರಡು ಹಲಗೆ, ಒಂದೊಂದರಲ್ಲೂ ಬಟಾಣಿ ಗಾತ್ರದ ಗುಳಿಗಳ ಸಾಲು, ನಡುವೆ ತಂತಿ ಹಾಯಲು ಗೀರು. ಒಂದರ ಮೇಲೊಂದು ಮುಚ್ಚಿದರೆ ಒಂದೇ ಏಟಿಗೆ ಸರ ತಯಾರು. ಆಚಾರ್ರು ನಕ್ಕರು, ‘ಸಾವಿರ ಆನೆ ಮಾಡಿದೀನಿ, ಮೂಳೆಗೆ ಹಾಕೋ ಮಣಿಸರದ ಅಚ್ಚು ಯಾರೂ ಕೇಳಿರ್ಲಿಲ್ಲ’ ಎಂದರು. ಆಪರೇಷನ್ನಿನ ದಿನವೇ ಮೊದಲ ಬಸ್ಸಿಗೆ ಹೋಗಿ ಇಸಿದುಕೊಂಡೆ. ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಸೋಪು ಹಾಕಿ ತೊಳೆದು ಸಿಸ್ಟರ್ ಕೈಗೆ ಕೊಟ್ಟೆ. ಅವರು ಬಟ್ಟೆ ಸುತ್ತಿ ಆಟೋಕ್ಲೇವಿಗೆ, ಅಂದರೆ ಹಬೆಯ ಡ್ರಮ್ಮಿಗೆ, ಹಾಕಿದರು.

ಅಷ್ಟರಲ್ಲಿ ಥಿಯೇಟರಿನಲ್ಲಿ ಕೆಲಸ ಶುರುವಾಗಿತ್ತು. ಸೊಂಟಕ್ಕೆ, ಕಾಲಷ್ಟೇ ಜೋಮು ಹಿಡಿಯುವ ಇಂಜೆಕ್ಷನ್ ಕೊಟ್ಟಿದ್ದರಿಂದ ಟೀಚರ್ ಎಚ್ಚರವಾಗೇ ಇದ್ದರು, ಎದೆಯ ಮೇಲೆ ಪರದೆ. ಬೇಕಾದ ಅಳತೆಯ ರಾಡು ಒದಗಿಸಲು ನಾನು ಟೋಪಿ, ಮಾಸ್ಕು ಹಾಕಿಕೊಂಡು ಗೋಡೆಗೆ ಒರಗಿ ನಿಂತಿದ್ದೆ. ಸ್ಕ್ರೂ ಒಂದೊಂದಾಗಿ ಬಂದವು. ಪ್ಲೇಟು ಎತ್ತಿದಾಗ ಅದರ ಅಡಿಯಲ್ಲಿ ಬೂದುಬಣ್ಣದ ಲೋಳೆ ಎಳೆಯಾಗಿ ಬಂತು. ಕೋಣೆಯಲ್ಲಿ ಆ ವಾಸನೆ ತುಂಬಿತು. ಬಿಕ್ಕೋಡಿನ ಜೀಪ್ ಡ್ರೈವರ್ ಅಂಗೈಯಲ್ಲಿ ಪ್ಲೇಟು ಇಟ್ಟುಕೊಂಡು ನನ್ನ ಹಿಂದೆಯೇ ನಿಂತಿದ್ದಾರೆ ಅನ್ನಿಸಿ ನಾನು ತಿರುಗಿ ನೋಡಿದೆ. ಗೋಡೆ ಇತ್ತು.

ಡಾಕ್ಟರು ಸತ್ತ ಮೂಳೆ ಕೆತ್ತಿ ತೆಗೆದರು, ರಕ್ತ ಜಿನುಗುವ ಮೂಳೆ ಸಿಕ್ಕುವವರೆಗೆ ಕೆರೆದರು, ಬಕೆಟ್ಟುಗಟ್ಟಲೆ ಉಪ್ಪುನೀರು ಹರಿಸಿದರು, ಹೊರಗಿನ ರಾಡು ಬಿಗಿದರು. ಇನ್ನೇನು ಅಚ್ಚು ತನ್ನಿ ಅನ್ನಬೇಕು, ಬೇರೆಯೇ ಒಂದು ವಾಸನೆ ಬಂತು. ಪರದೆಯ ಆಚೆಯಿಂದ ಟೀಚರ್, ‘ಯಾರು ಬೋಂಡ ಕರೀತಿರೋದು?’ ಎಂದರು.

ಸಿಸ್ಟರ್ ಇಕ್ಕಳದಲ್ಲಿ ಬಟ್ಟೆ ಬಿಡಿಸಿ ತೋರಿಸಿ, ‘ಸಾರ್, ಕಲ್ಲು ಬೆವರ್ತಾ ಐತೆ’ ಎಂದರು. ಗುಳಿ ಗುಳಿಯಲ್ಲೂ ಎಣ್ಣೆ ನಿಂತಿತ್ತು. ನನಗೆ ಆಗ ಹೊಳೆಯಿತು. ನಮ್ಮ ಕಡೆ ಬಳಪದ ಕಲ್ಲನ್ನು ಬೆಳ್ಳಗೆ ಬೋಳಾಗಿ ಯಾವ ಆಚಾರ್ರೂ ಗಿರಾಕಿಯ ಕೈಗೆ ಕೊಡುವುದಿಲ್ಲ. ಕೊಬ್ಬರಿ ಎಣ್ಣೆ ಕುಡಿಸಿ, ಉಜ್ಜಿ, ಕಪ್ಪು ಮಾಡಿಯೇ ಕೊಡುತ್ತಾರೆ. ಅದು ಕೆಲಸ ಮುಗಿದದ್ದರ ಲಕ್ಷಣ, ಗಿರಾಕಿಗೆ ತೋರುವ ಮರ್ಯಾದೆ. ನಾನು ನೋಡಿದ ಆ ಮಿಂಚು ಅದೇ. ಸೋಪಿಗೆ ಹೋಗುವ ಎಣ್ಣೆ ಅಲ್ಲ ಅದು, ಕಲ್ಲಿನ ಹೊಟ್ಟೆಯೊಳಗಿನದು, ಹಬೆ ತಾಕಿ ಹೊರಗೆ ಬಂದಿತ್ತು. ಡಾಕ್ಟರು ಅಂಚನ್ನು ಗ್ಲೌಸಿನ ಬೆರಳಿಂದ ಸವರಿದರು. ಎಣ್ಣೆಯ ಜೊತೆ ಕಲ್ಲಿನ ಹುಡಿಯೂ ಬಂತು. ಈ ಹುಡಿ ಗಾಯದೊಳಗೆ ಹೋದರೆ ಮೈ ಅದರ ಸುತ್ತ ಗಂಟು ಕಟ್ಟುತ್ತದೆ, ಎಣ್ಣೆ ಇಲ್ಲದಿದ್ದರೂ ಇದು ಬೇಡವಾಗಿತ್ತು ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಈ ಕಸುಬಿನಲ್ಲಿ ಇರುವವರು ಇದನ್ನು ಬರೆದಿಟ್ಟುಕೊಳ್ಳಬೇಕು: ಹೊಸ ಸಾಮಾನು ಯಾವುದಿದ್ದರೂ ರೋಗಿ ಮೇಜಿನ ಮೇಲೆ ಬರುವ ಮುಂಚೆ ಒಂದು ಸಲ ಹಬೆಗೆ ಹಾಕಿ, ಮೂಸಿ ನೋಡಿ.

ಕಾಲು ತೆರೆದುಕೊಂಡಿತ್ತು. ಪ್ಲೇಟು ಹೋಗಿತ್ತು. ಸಿಮೆಂಟು ಒಂದೇ ಪೊಟ್ಟಣ. ಹಾಗೇ ಬ್ಯಾಂಡೇಜು ಸುತ್ತಿ, ಇನ್ನೊಂದು ದಿನ ಸರಿಯಾದ ಅಚ್ಚಿನೊಂದಿಗೆ ಮಾಡಬಹುದಿತ್ತು. ಅಷ್ಟರಲ್ಲಿ ಕ್ರಿಮಿಗಳು ಮತ್ತೆ ಕೂರುತ್ತವೆ ಎಂದರು ಡಾಕ್ಟರು. ಸಿಸ್ಟರ್ ಕಡೆ ನೋಡಿದರು, ತಮ್ಮ ಕೈ ನೋಡಿಕೊಂಡರು. ಇಬ್ಬರ ಕೈಯಲ್ಲಿ ಸಿಮೆಂಟು ಗಟ್ಟಿಯಾಗುವುದರೊಳಗೆ ಅಷ್ಟು ಮಣಿ ಆಗುವುದಿಲ್ಲ.

ನಾನು ಬಾಯಿಬಿಟ್ಟೆ. ಊರಿಗೆ ಬಂದ ಹೊಸದರಲ್ಲಿ ಸ್ಟೇಷನ್ ಎದುರಿನ ಹೋಟೆಲಿನಲ್ಲಿ ರವೆ ಉಂಡೆ ಕಟ್ಟುತ್ತಿದ್ದೆ ಸಾರ್, ಬಿಸಿ ಪಾಕ ಆರುವುದರೊಳಗೆ ಬಾಂಡ್ಲಿ ಖಾಲಿ ಮಾಡುತ್ತಿದ್ದೆ ಎಂದೆ. ಡಾಕ್ಟರು ನನ್ನನ್ನೇ ನೋಡಿದರು. ‘ಮೊಳಕೈವರೆಗೆ ತೊಳೀರಿ. ಸಿಸ್ಟರ್ ಸಾಕು ಅನ್ನೋವರೆಗೂ ತೊಳೀರಿ’ ಎಂದರು.

ಸಿಸ್ಟರ್ ಬೇಗ ಸಾಕು ಅನ್ನಲಿಲ್ಲ. ಗೌನು, ಗ್ಲೌಸು ತೊಡಿಸಿದರು. ಡಾಕ್ಟರು ಬಟ್ಟಲಲ್ಲಿ ಸಿಮೆಂಟಿನ ಪುಡಿಗೆ ಔಷಧಿಯ ಪುಡಿ ಕಲಸಿ, ಆಮೇಲೆ ದ್ರವ ಸುರಿದರು. ಉಗುರುಬಣ್ಣದಂಥ ಘಾಟು. ಮೊದಲು ಗಂಜಿ, ಆಮೇಲೆ ಅಂಟು, ಆಮೇಲೆ ಕೈಗೆ ಹತ್ತದ ಹಿಟ್ಟು. ಹಿಟ್ಟಾದ ಕೂಡಲೇ ಮೂರು ಪಾಲು ಮಾಡಿ, ಉಂಡೆ ಕಟ್ಟಿ ತಂತಿಗೆ ಪೋಣಿಸತೊಡಗಿದೆವು. ಹೋಟೆಲಿನ ಉಂಡೆ ಆರುತ್ತಾ ಗಟ್ಟಿಯಾಗುತ್ತದೆ. ಇದು ಕಾಯುತ್ತಾ ಗಟ್ಟಿಯಾಗುತ್ತದೆ. ಕೊನೆಕೊನೆಯವು ಅಂಗೈಯಲ್ಲಿ ಕೆಂಡದ ಹಾಗಾದವು. ಡಾಕ್ಟರ ಮಣಿಗಳು ಚಪ್ಪಟೆ, ಸಿಸ್ಟರವು ಉದ್ದುದ್ದ. ನನ್ನವು ಗುಂಡಗೆ ಬಂದವು. ಟೀಚರಿಗೆ ಎಲ್ಲ ಕೇಳಿಸುತ್ತಿತ್ತು. ‘ಸಾಹುಕಾರ್ರೇ, ದ್ರಾಕ್ಷಿ ಗೋಡಂಬಿ ಹಾಕೋದು ಮರೀಬೇಡಿ’ ಎಂದರು.

ಸರವನ್ನು ಗುಂಡಿಯೊಳಗೆ ಇಳಿಸಿ, ತಂತಿಯ ತುದಿ ಹೊರಗೆ ಬಿಟ್ಟು, ಹೊಲಿದರು.

ಅವತ್ತು ಮನೆಗೆ ಹೋದ ಮೇಲೂ ಮಣಿಗಳದ್ದೇ ಯೋಚನೆ. ಅಷ್ಟು ವರ್ಷ ನಾನು ಮಾರಿದ ಪ್ರತಿ ಸ್ಟೀಲಿನ ಮೇಲೂ ಯಾವುದೋ ಕಂಪನಿಯ ಮುದ್ರೆ ಇರುತ್ತಿತ್ತು. ಏನಾದರೂ ಆದರೆ ಬೆರಳು ತೋರಿಸಲು ಒಂದು ಹೆಸರಿತ್ತು. ಈ ಮಣಿಗಳ ಮೇಲೆ ಯಾವ ಹೆಸರೂ ಇರಲಿಲ್ಲ. ಕಣ್ಣು ಮುಚ್ಚಿದರೆ ಅವು ಕತ್ತಲಲ್ಲಿ, ಆ ಮೂಳೆಯೊಳಗೆ, ಒಂದಕ್ಕೊಂದು ಒತ್ತಿಕೊಂಡು ಕೂತಿರುವುದು ಕಾಣುತ್ತಿತ್ತು.

ಜ್ವರ ಇಳಿಯಿತು. ಗಾಯದಿಂದ ಬರುತ್ತಿದ್ದ ನೀರು ಮೊದಲು ತೆಳುವಾಯಿತು, ಆಮೇಲೆ ನಿಂತಿತು. ನಾನು ಏನಾದರೊಂದು ನೆಪ ಮಾಡಿಕೊಂಡು ದಿನಾ ವಾರ್ಡಿಗೆ ಹೋಗುತ್ತಿದ್ದೆ, ಬಾಗಿಲಲ್ಲಿ ನಿಂತು ಉಸಿರೆಳೆದುಕೊಳ್ಳುತ್ತಿದ್ದೆ. ಫಿನಾಯಿಲಿನ ವಾಸನೆ ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಆದರೂ ನಂಬಿಕೆ ಬರಲಿಲ್ಲ. ಆ ತಾಯಿ ಒಂದು ದಿನ, ‘ಯಾಕಪ್ಪ, ನಾಯಿ ಮೂಸ್ದಂಗೆ ಮೂಸ್ತೀಯ, ನೆಗಡಿಯಾ?’ ಎಂದು ಕೇಳಿದರು.

ವಾರಗಳು ಕಳೆದು ಸರ ತೆಗೆಯುವ ದಿನ ಬಂತು. ಮತ್ತೆ ಸೊಂಟಕ್ಕೆ ಇಂಜೆಕ್ಷನ್, ಮತ್ತೆ ಪರದೆ. ಗೋಡೆಯ ಪಕ್ಕ ನಾನು. ಡಾಕ್ಟರು ತಂತಿ ಹಿಡಿದು ಎಳೆದಾಗ ಮಣಿಗಳು ಒಂದೊಂದಾಗಿ ಮೇಲೆ ಬಂದವು. ಕೊನೆಯಲ್ಲಿ ಎಲ್ಲೋ ಸಿಕ್ಕಿಕೊಂಡಿತು. ನಿಧಾನವಾಗಿ ಅಲುಗಿಸಿದರು. ಬಂದದ್ದು ಬರೀ ತಂತಿ.

ಎಕ್ಸ್‌ರೇ ಯಂತ್ರ ತಳ್ಳಿಕೊಂಡು ಬಂದು ಚಿತ್ರ ತೆಗೆದರು. ಒದ್ದೆ ಫಿಲ್ಮನ್ನು ದೀಪಕ್ಕೆ ಹಿಡಿದಾಗ ಒಂದು ಮಣಿ ಕಂಡಿತು. ಗುಂಡಿಯ ಕೆಳತುದಿಯಲ್ಲಿ, ಮಜ್ಜೆಯ ಕೊಳವೆಯೊಳಕ್ಕೆ ಜಾರಿ ನಿಂತಿತ್ತು. ಅದರ ಮೇಲೆ ಆಗಲೇ ಹೊಸ ಮೂಳೆ ಮಂಜಿನ ಹಾಗೆ ಕಟ್ಟತೊಡಗಿತ್ತು. ಮೂವರೂ ಫಿಲ್ಮನ್ನೇ ನೋಡುತ್ತಾ ನಿಂತೆವು. ಯಾರ ಕೈಯ ಮಣಿ ಅನ್ನುವುದು ಕಾಣುತ್ತಿತ್ತು. ಚಪ್ಪಟೆಯದಲ್ಲ, ಉದ್ದದ್ದಲ್ಲ. ಅಚ್ಚಿನಲ್ಲಿ ತೆಗೆದ ಹಾಗೆ ಗುಂಡಗಿತ್ತು.

ಡಾಕ್ಟರು ಟೀಚರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ತೆಗೆಯಬೇಕೆಂದರೆ ಈಗ ಕೂಡುತ್ತಿರುವ ಮೂಳೆಯನ್ನೇ ಉಳಿಯಲ್ಲಿ ಒಡೆಯಬೇಕು. ಕೂಡಿದ್ದು ಮತ್ತೆ ಕೂಡುತ್ತದೆಂಬ ಭರವಸೆ ಇಲ್ಲ. ಬಿಟ್ಟರೆ ಬಿಡಬಹುದು, ಆದರೆ ಅದಕ್ಕೂ ಭರವಸೆ ಇಲ್ಲ. ಪರದೆಯ ಆಚೆಯಿಂದ ಟೀಚರ್ ಕೇಳಿದರು:

‘ಕಬ್ಬಿಣದ ಸಾಹುಕಾರ್ರು ಇದಾರಾ?’

ಇದ್ದೇನೆ ಎಂದೆ.

‘ಎಲ್ಲಾರ್ಗೂ ಬುದ್ಧಿ ಹೇಳ್ತೀರಲ್ಲ. ನಂಗೆ ಹೇಳಿ. ಅದು ಒಳಗೇ ಇದ್ರೆ ಏನಾಗುತ್ತೆ?’

ಮಾರುವವನ ಬಾಯಲ್ಲಿ ಇಂಥ ಪ್ರಶ್ನೆಗೆ ಸಿದ್ಧ ಉತ್ತರ ಇರುತ್ತದೆ: ಏನೂ ಆಗುವುದಿಲ್ಲ ಮೇಡಂ, ಎಷ್ಟೋ ಜನಕ್ಕೆ ಹಾಗೇ ಬಿಟ್ಟಿದ್ದಾರೆ. ಅದು ನಾಲಿಗೆಯ ತುದಿವರೆಗೆ ಬಂತು. ‘ಔಷಧಿ ಒಸರಿ ಮುಗಿದ ಮೇಲೆ ಅದು ಬರೀ ಕಲ್ಲು ಮೇಡಂ’ ಎಂದೆ. ‘ಕ್ರಿಮಿ ಏನಾದ್ರೂ ಉಳಿದಿದ್ರೆ, ಪ್ಲೇಟಿನ ಮೇಲೆ ಕೂತ ಹಾಗೆ ಇದ್ರ ಮೇಲೂ ಕೂರಬಹುದು. ಮುಂದಿನ ವರ್ಷವೂ ಆಗಬಹುದು, ಇಪ್ಪತ್ತು ವರ್ಷ ಬಿಟ್ಟೂ ಆಗಬಹುದು. ಆಗದೇನೂ ಇರಬಹುದು. ಅದು ನಾನು ಕಟ್ಟಿದ ಮಣಿ.’

ಕೊನೆಯ ಮಾತನ್ನು ಹೇಳಿ ಎಂದು ಯಾರೂ ಕೇಳಿರಲಿಲ್ಲ. ಹೇಳದೆ ಇರಲು ಆಗಲಿಲ್ಲ.

‘ಖಾಲಿ ಮನೆ ತಾನೇ, ಇರ್ಲಿ ಬಿಡಿ ಸಾರ್’ ಎಂದರು ಟೀಚರ್, ಡಾಕ್ಟರಿಗೆ. ‘ಬಾಡಿಗೆಗೆ ಯಾರಾದ್ರೂ ಬಂದಾಗ ನೋಡ್ಕೊಳೋಣ. ಮೂಳೆ ಒಡೀಬೇಡಿ.’

ಡಾಕ್ಟರು ಸೊಂಟದ ಮೂಳೆಯ ಚೂರುಗಳನ್ನು ತುಂಬಿ ಮುಚ್ಚಿದರು. ಮೂಳೆ ಕೂಡಿತು. ರಾಡು ತೆಗೆದರು. ಟೀಚರ್ ಮೊದಲು ಕೋಲು ಹಿಡಿದು, ಆಮೇಲೆ ಬರಿಗೈಯಲ್ಲಿ ನಡೆದರು. ವಾಸಿಯಾಯಿತು ಅನ್ನುವ ಮಾತನ್ನು ಡಾಕ್ಟರು ಇವತ್ತಿಗೂ ಬಳಸಿಲ್ಲ. ಸುಮ್ಮನಿದೆ ಅನ್ನುತ್ತಾರೆ. ಮೂಳೆಯಲ್ಲಿ ಒಮ್ಮೆ ಕೀವಾದವರಿಗೆ ಅಷ್ಟೇ ಹೇಳಬಹುದಂತೆ.

ನನಗೋ, ಆ ಸುಮ್ಮನಿರುವುದೇ ದೊಡ್ಡ ಸದ್ದಾಯಿತು. ಬಸ್ಸಿನಲ್ಲಿ, ಸಂತೆಯಲ್ಲಿ, ಮದುವೆಮನೆಯಲ್ಲಿ ಎಲ್ಲೇ ಟೀಚರ್ ಕಂಡರೂ ನನ್ನ ಕಣ್ಣು ಮೊದಲು ಅವರ ಎಡಗಾಲಿಗೆ ಹೋಗುತ್ತಿತ್ತು. ಕುಂಟುತ್ತಿದ್ದಾರಾ, ಊದಿದೆಯಾ, ಸೀರೆಯ ಅಂಚಿನಲ್ಲಿ ಕಲೆ ಇದೆಯಾ. ಮುಖ ನೋಡುವುದು ಆಮೇಲೆ. ಒಂದು ಸಲ ಬಾಣಾವರದ ಸ್ಟೇಷನ್ನಿನಲ್ಲಿ ಅವರು, ‘ನನಗೆ ಮುಖ ಅಂತ ಒಂದಿದೆ ಕಣ್ರೀ’ ಎಂದೂ ಹೇಳಿದರು. ಒಳ್ಳೆಯ ಬಿಸಿಲಿನಲ್ಲಿ ಅಂಗಡಿಯಲ್ಲಿ ಕೂತಿರುವಾಗಲೂ, ಆ ಮಣಿ ಈಗ ಏನು ಮಾಡುತ್ತಿದೆ ಎಂಬ ಯೋಚನೆ ಬರುತ್ತಿತ್ತು. ಏನೂ ಮಾಡದ ವಸ್ತು ಅದು. ಯೋಚನೆಗೆ ಅದು ಗೊತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ, ಬೇಸಿಗೆ ರಜೆಯ ಒಂದು ಮಧ್ಯಾಹ್ನ, ಟೀಚರ್ ತಾಯಿಯ ಜೊತೆ ಅಂಗಡಿಗೆ ಬಂದರು. ಸ್ಟೂಲಿನ ಮೇಲೆ ಕೂತು ಚಪ್ಪಲಿ ಬಿಟ್ಟರು. ಎರಡು ದಿನದಿಂದ ಕಣಕಾಲು ಬಿಸಿ ಅನ್ನಿಸುತ್ತಿದೆ, ಡಾಕ್ಟರು ನೋಡುವ ಹಾಗೆ ನೋಡಿ ಎಂದರು. ನರ್ಸಿಂಗ್ ಹೋಮಿಗೆ ಹೋಗೋಣ, ನಾನೂ ಬರುತ್ತೇನೆ ಎಂದೆ. ಮೊದಲು ನೀವು ನೋಡಿ ಎಂದರು.

ಬಿಸಿ ನೋಡಲು ಡಾಕ್ಟರು ಅಂಗೈ ಇಡುವುದಿಲ್ಲ, ಕೈಯ ಹಿಂಬದಿ ಇಡುತ್ತಾರೆ. ಇನ್ನೊಂದು ಕಾಲಿಗೂ ಇಡುತ್ತಾರೆ, ಹೋಲಿಸಿ ನೋಡುತ್ತಾರೆ. ಹಾಗೇ ಮಾಡಿದೆ. ಗಾಯದ ಗುರುತಿನ ಮೇಲೆ ಇಟ್ಟೆ, ಕೆಳಗೆ ಇಟ್ಟೆ, ಬಲಗಾಲಿನ ಮೇಲೆ ಇಟ್ಟೆ, ಮತ್ತೆ ಎಡಕ್ಕೆ ಬಂದೆ. ಊತ ಇರಲಿಲ್ಲ. ಒತ್ತಿದರೆ ನೋವಿಲ್ಲ ಎಂದರು. ತಾಯಿ ಉಸಿರು ಬಿಗಿಹಿಡಿದು ನೋಡುತ್ತಿದ್ದಾರೆಂದು ತಲೆಯೆತ್ತಿದರೆ, ಅವರು ಆರಾಮಾಗಿ ಎಲೆಯಡಿಕೆ ಮಡಿಸುತ್ತಿದ್ದರು.

‘ಎರಡೂ ಒಂದೇ ಥರ ಇವೆ ಮೇಡಂ’ ಎಂದೆ.

‘ಸರಿಯಾಗಿ ನೋಡಿದ್ರಾ?’

ನೋಡಿದೆ ಎಂದೆ.

ಟೀಚರ್ ಚಪ್ಪಲಿ ಮೆಟ್ಟಿಕೊಂಡರು. ‘ಡಾಕ್ಟ್ರ ಹತ್ರ ಬೆಳಿಗ್ಗೇನೇ ಹೋಗಿದ್ದೆ. ಎಕ್ಸ್‌ರೇನೂ ಆಯ್ತು. ಏನೂ ಇಲ್ಲ’ ಎಂದರು. ಮತ್ತೆ ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ. ಅವರು ತಾಯಿಯ ತೋಳು ಹಿಡಿದು ಮೆಟ್ಟಿಲಿಳಿಸುತ್ತಾ ತಿರುಗಿ ನೋಡಿದರು.

‘ನಾನು ಹೇಳಿದ್ರೆ ನೀವು ನಂಬ್ತಿರ್ಲಿಲ್ಲ. ಈಗ ನಿಮ್ ಕೈಯೇ ನೋಡಿತಲ್ಲ. ಮುಂದಿನ ವರ್ಷ ರಜಾದಲ್ಲಿ ಬತ್ತೀನಿ, ಆಗ ಇನ್ನೊಂದ್ಸಲ ನೋಡೋರಂತೆ.’